ಡೆಸ್ಕ್‌ಟಾಪ್ ಖಾಲಿಯಾಗಿದೆಯೇ? ಫಾರ್ಮ್ಯಾಟ್‌ಗೆ ಕೊಡುವ ಮುನ್ನ ಇಷ್ಟು ನೋಡಿ

ಕಂಪ್ಯೂಟರ್ ಆನ್ ಮಾಡಿದರೆ ವಾಲ್‌ಪೇಪರ್ ಮಾತ್ರ ಇದೆ. ನಿನ್ನೆವರೆಗೆ ಇದ್ದ ಫೋಲ್ಡರ್‌ಗಳು, ಮಗಳ ಪ್ರಾಜೆಕ್ಟ್, ಪಹಣಿಯ ಸ್ಕ್ಯಾನ್, ಕ್ರೋಮ್ ಒಂದೂ ಇಲ್ಲ. ರೀಸೈಕಲ್ ಬಿನ್ ಕೂಡ ಕಾಣುತ್ತಿಲ್ಲ. ಮನೆಯಲ್ಲಿ ಮೊದಲು ಏಳುವ ಪ್ರಶ್ನೆ "ಯಾರು ಡಿಲೀಟ್ ಮಾಡಿದ್ದು?" ಎಂಬುದು. ಆಮೇಲೆ ಕಂಪ್ಯೂಟರ್ ಅಂಗಡಿಗೆ ಹೋಗುತ್ತದೆ. ಅಲ್ಲಿ "ಫಾರ್ಮ್ಯಾಟ್ ಮಾಡ್ಬೇಕು ಸಾರ್" ಅಂತಾರೆ. ಅಲ್ಲಿಯವರೆಗೆ ಒಳಗೆ ಭದ್ರವಾಗಿದ್ದ ಫೈಲುಗಳು ಆಗ ನಿಜವಾಗಿ ಹೋಗುತ್ತವೆ.

ಸ್ವಲ್ಪ ತಾಳಿ. ಐಕಾನ್ ಕಾಣದಿರುವುದು ಬೇರೆ, ಫೈಲ್ ಇಲ್ಲದಿರುವುದು ಬೇರೆ. ನಿಮ್ಮದು ಇವೆರಡರಲ್ಲಿ ಯಾವುದು ಅಂತ ತಿಳಿಯಲು ಒಂದು ನಿಮಿಷ ಸಾಕು. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11ಕ್ಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಮನೆಗಳಲ್ಲಿ ಅದು ಇನ್ನೂ ಇದೆ, ಈ ಹಂತಗಳು ಅದರಲ್ಲೂ ನಡೆಯುತ್ತವೆ. ಮೆನು ಹೆಸರುಗಳನ್ನು ಇಂಗ್ಲಿಷ್ ವಿಂಡೋಸ್‌ನಲ್ಲಿ ಇರುವಂತೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡಿ ಎಂದು ಹೇಳಿದ್ದನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ವಿಂಡೋಸ್ ಕೀ ಅಂದರೆ ಕೀಬೋರ್ಡಿನ ಕೆಳಸಾಲಿನಲ್ಲಿ ನಾಲ್ಕು ಚೌಕದ ಗುರುತು ಇರುವ ಕೀ.

ಮೊದಲು ಫೋಲ್ಡರ್ ತೆರೆದು ನೋಡಿ

ಡೆಸ್ಕ್‌ಟಾಪ್ ಕೂಡ ಒಂದು ಫೋಲ್ಡರೇ. ಸಿ ಡ್ರೈವ್, ಅದರಲ್ಲಿ ಯೂಸರ್ಸ್, ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಡೆಸ್ಕ್‌ಟಾಪ್. ಅಲ್ಲಿ ಇರುವುದನ್ನೇ ವಿಂಡೋಸ್ ವಾಲ್‌ಪೇಪರ್ ಮೇಲೆ ಹರಡಿ ತೋರಿಸುತ್ತದೆ. ಯೂಸರ್ಸ್ ಒಳಗೆ ಪಬ್ಲಿಕ್ ಎಂಬ ಇನ್ನೊಂದು ಫೋಲ್ಡರ್ ಇದೆ, ಅದರಲ್ಲೂ ಒಂದು ಡೆಸ್ಕ್‌ಟಾಪ್ ಅಡಗಿದೆ. ಮನೆಯವರೆಲ್ಲರ ಲಾಗಿನ್‌ನಲ್ಲೂ ಕಾಣಲಿ ಎಂದು ಎಷ್ಟೋ ಪ್ರೋಗ್ರಾಂಗಳು ತಮ್ಮ ಐಕಾನನ್ನು ಅಲ್ಲಿಡುತ್ತವೆ. ನೀವು ನೋಡುವ ಪರದೆ ಈ ಎರಡೂ ಫೋಲ್ಡರ್ ಸೇರಿ ಆದದ್ದು.

ಈಗ ಪರೀಕ್ಷೆ:

1. ವಿಂಡೋಸ್ ಕೀ ಹಿಡಿದು ಇ ಒತ್ತಿ. ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ.
2. ಎಡಗಡೆ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಮೇಲೆ ಕ್ಲಿಕ್ ಮಾಡಿ.
3. ನಿಮ್ಮ ಫೈಲುಗಳು ಇವೆಯೇ ನೋಡಿ.

ಫೈಲುಗಳು ಇದ್ದರೆ ಸಮಾಧಾನ ಮಾಡಿಕೊಳ್ಳಿ. ಏನೂ ಹೋಗಿಲ್ಲ, ತೋರಿಸುವುದು ಮಾತ್ರ ನಿಂತಿದೆ. ಮುಂದಿನ ಭಾಗ ನಿಮಗೆ. ಫೋಲ್ಡರ್ ಖಾಲಿ ಇದ್ದರೆ "ಫೋಲ್ಡರೇ ಖಾಲಿ" ಎಂಬ ಭಾಗಕ್ಕೆ ಹೋಗಿ. ಆದರೆ ಅಲ್ಲಿಯವರೆಗೆ ಹೊಸ ಸಾಫ್ಟ್‌ವೇರ್ ಹಾಕಬೇಡಿ, ಸಿನಿಮಾ ಡೌನ್‌ಲೋಡ್ ಮಾಡಬೇಡಿ. ಫೈಲ್ ನಿಜವಾಗಿ ಅಳಿಸಿಹೋಗಿದ್ದರೆ, ಅದಿದ್ದ ಜಾಗದ ಮೇಲೆ ಹೊಸದು ಕೂತುಬಿಡುತ್ತದೆ.

ಇನ್ನೊಂದು ವಿಷಯ. ಡೆಸ್ಕ್‌ಟಾಪ್‌ನಲ್ಲಿ ಕಾಣುವುದೆಲ್ಲ ಒಂದೇ ಜಾತಿಯದಲ್ಲ. ಮೂಲೆಯಲ್ಲಿ ಪುಟ್ಟ ಬಾಣ ಇರುವುದು ಶಾರ್ಟ್‌ಕಟ್. ಅದು ಅಂಗಡಿಯ ಬೋರ್ಡ್ ಇದ್ದಂತೆ, ಬೋರ್ಡ್ ಬಿದ್ದರೆ ಅಂಗಡಿ ಮುಚ್ಚಿತು ಅಂತಲ್ಲ. ಬಾಣ ಇಲ್ಲದ ವರ್ಡ್ ಫೈಲು, ಫೋಟೋ, ಫೋಲ್ಡರ್‌ಗಳು ಅಸಲಿ ಫೈಲುಗಳು. ಚಿಂತೆ ಮಾಡಬೇಕಾದದ್ದು ಇವುಗಳ ಬಗ್ಗೆ ಮಾತ್ರ. ದಿಸ್ ಪಿಸಿ, ರೀಸೈಕಲ್ ಬಿನ್ ಇವು ವಿಂಡೋಸ್‌ನ ಸ್ವಂತ ಐಕಾನ್‌ಗಳು. ಇವು ಫೈಲೂ ಅಲ್ಲ, ಶಾರ್ಟ್‌ಕಟ್ಟೂ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಹಾಕಿದರೆ ಬರುತ್ತವೆ, ತೆಗೆದರೆ ಹೋಗುತ್ತವೆ.

ಫೈಲ್ ಇದೆ, ಪರದೆಯ ಮೇಲೆ ಕಾಣುತ್ತಿಲ್ಲ

ಎಲ್ಲಕ್ಕಿಂತ ಮೊದಲು ಇದನ್ನು ನೋಡಿ. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ. ಬರುವ ಮೆನುವಿನಲ್ಲಿ ವ್ಯೂ ಮೇಲೆ ಮೌಸ್ ಇಡಿ. ಪಕ್ಕದಲ್ಲಿ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ "ಶೋ ಡೆಸ್ಕ್‌ಟಾಪ್ ಐಕಾನ್ಸ್" ಎಂದಿದೆ. ಅದರ ಎದುರು ಟಿಕ್ ಇಲ್ಲದಿದ್ದರೆ ಒಮ್ಮೆ ಕ್ಲಿಕ್ ಮಾಡಿ. ಎಲ್ಲ ವಾಪಸ್ ಬಂದವು ಅಲ್ವಾ?

ಈ ಟಿಕ್ ಹೇಗೆ ಹೋಗುತ್ತದೆ ಅಂತ ಕೇಳಿದರೆ, ನಮ್ಮ ರಿಫ್ರೆಶ್ ಚಟವನ್ನೇ ಬೊಟ್ಟು ಮಾಡಬೇಕು. ಕಂಪ್ಯೂಟರ್ ಮುಂದೆ ಕೂತ ತಕ್ಷಣ ರೈಟ್ ಕ್ಲಿಕ್, ರಿಫ್ರೆಶ್, ಮತ್ತೆ ರೈಟ್ ಕ್ಲಿಕ್, ರಿಫ್ರೆಶ್ ಅಂತ ಸುಮ್ನೆ ಒತ್ತುವವರು ತುಂಬ ಜನ. ಅದೇ ಮೆನುವಿನಲ್ಲಿ ಎರಡು ಸಾಲು ಮೇಲೆ ವ್ಯೂ ಇದೆ. ಮೌಸ್ ಸ್ವಲ್ಪ ಜಾರಿದರೆ ಸಾಕು. ಅಂದಹಾಗೆ, ರಿಫ್ರೆಶ್ ಒತ್ತಿದರೆ ಕಂಪ್ಯೂಟರ್ ವೇಗವಾಗುವುದಿಲ್ಲ. ಐಕಾನ್‌ಗಳನ್ನು ಇನ್ನೊಮ್ಮೆ ಬಿಡಿಸುತ್ತದೆ, ಅಷ್ಟೇ.

ಟಿಕ್ ಇದ್ದೂ ಐಕಾನ್ ಇಲ್ಲದಿದ್ದರೆ ಟಿಕ್ ತೆಗೆದು ಮತ್ತೆ ಹಾಕಿ ನೋಡಿ. ಅದೇ ಪಟ್ಟಿಯಲ್ಲಿರುವ "ಆಟೋ ಅರೇಂಜ್ ಐಕಾನ್ಸ್" ಮೇಲೂ ಒಮ್ಮೆ ಕ್ಲಿಕ್ ಮಾಡಿ. ಪರದೆಯ ಅಳತೆ ಬದಲಾದಾಗ ಅಂಚಿನಾಚೆ ಉಳಿದ ಐಕಾನ್‌ಗಳು ಎಡಗಡೆ ಸಾಲಾಗಿ ಬಂದು ನಿಲ್ಲುತ್ತವೆ. ನೀವು ಜೋಡಿಸಿದ್ದ ಕ್ರಮ ಮಾತ್ರ ಹೋಗುತ್ತದೆ.

*ರೈಟ್ ಕ್ಲಿಕ್ಕೇ ಆಗುತ್ತಿಲ್ಲ, ಕೆಳಗಿನ ಪಟ್ಟಿಯೂ ಇಲ್ಲ*

ಐಕಾನ್ ಜೊತೆಗೆ ಟಾಸ್ಕ್‌ಬಾರ್ ಕೂಡ ಮಾಯವಾಗಿದ್ದರೆ ಕಾರಣ ಬೇರೆ. ವಾಲ್‌ಪೇಪರ್ ಮೇಲಿನ ಐಕಾನ್, ಟಾಸ್ಕ್‌ಬಾರ್, ಫೋಲ್ಡರ್ ಕಿಟಕಿಗಳು ಇವನ್ನೆಲ್ಲ ನಡೆಸುವುದು ಎಕ್ಸ್‌ಪ್ಲೋರರ್ ಎಂಬ ಒಂದೇ ಪ್ರೋಗ್ರಾಂ. ಅದು ನಿಂತುಹೋಗಿದೆ. ಕೆಲವು ಸಲ ಲಾಗಿನ್ ಆದ ಮೇಲೆ ಕಪ್ಪು ಪರದೆ, ಅದರ ಮೇಲೆ ಮೌಸ್ ಬಾಣ ಮಾತ್ರ ಕಾಣುವುದೂ ಇದರಿಂದಲೇ.

1. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಬರದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಅಲ್ಲಿಂದ ಆರಿಸಿ.
2. ಚಿಕ್ಕ ಕಿಟಕಿ ಬಂದರೆ ಕೆಳಗಿನ "ಮೋರ್ ಡೀಟೇಲ್ಸ್" ಒತ್ತಿ.
3. ಪಟ್ಟಿಯಲ್ಲಿ "ವಿಂಡೋಸ್ ಎಕ್ಸ್‌ಪ್ಲೋರರ್" ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ. ಪರದೆ ಒಮ್ಮೆ ಮಿಣುಕಿ ಎಲ್ಲ ಬರಬೇಕು.
4. ಪಟ್ಟಿಯಲ್ಲೇ ಇಲ್ಲವಾದರೆ "ರನ್ ನ್ಯೂ ಟಾಸ್ಕ್" ಆರಿಸಿ. ವಿಂಡೋಸ್ 10ರಲ್ಲಿ ಅದು ಫೈಲ್ ಮೆನುವಿನಲ್ಲಿದೆ, 11ರ ಈಚಿನ ಆವೃತ್ತಿಗಳಲ್ಲಿ ಮೇಲುಗಡೆಯೇ ಬಟನ್ ಇದೆ. ಚೌಕದಲ್ಲಿ ಎಕ್ಸ್‌ಪ್ಲೋರರ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ.

ಇದು ಒಮ್ಮೆ ಆಗಿ ಸರಿಹೋದರೆ ಮರೆತುಬಿಡಿ. ದಿನಾ ಆಗುತ್ತಿದ್ದರೆ ಈಚೆಗೆ ಏನು ಇನ್‌ಸ್ಟಾಲ್ ಮಾಡಿದಿರಿ ಅಂತ ನೆನಪಿಸಿಕೊಳ್ಳಿ. ರೈಟ್ ಕ್ಲಿಕ್ ಮೆನುವಿಗೆ ತನ್ನದೊಂದು ಸಾಲು ಸೇರಿಸುವ ಜಿಪ್, ಪಿಡಿಎಫ್, ಕ್ಲೌಡ್ ಪ್ರೋಗ್ರಾಂಗಳು ಎಕ್ಸ್‌ಪ್ಲೋರರ್ ಒಳಗೇ ಕೂತು ಕೆಲಸ ಮಾಡುತ್ತವೆ. ಅವುಗಳಲ್ಲೊಂದು ಕೆಟ್ಟರೆ ಎಕ್ಸ್‌ಪ್ಲೋರರನ್ನೂ ಬೀಳಿಸುತ್ತದೆ. ಹೊಸದಾಗಿ ಬಂದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ ನೋಡಿ.

*ಟಿವಿಗೆ ಹಾಕಿದ ಕೇಬಲ್*

ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿ ಮ್ಯಾಚ್ ನೋಡಿದ್ದೀರಿ. ಟಿವಿ ಆಫ್ ಆಗಿದೆ, ಕೇಬಲ್ ಹಾಗೇ ಇದೆ. ಲ್ಯಾಪ್‌ಟಾಪ್ ಇನ್ನೂ ತನಗೆ ಎರಡು ಪರದೆ ಇದೆ ಎಂದುಕೊಂಡಿರುತ್ತದೆ. ಟಿವಿಯೇ ಮುಖ್ಯ ಪರದೆ ಎಂದಾಗಿದ್ದರೆ ಐಕಾನ್‌ಗಳೆಲ್ಲ ಅಲ್ಲಿ ಕೂತಿರುತ್ತವೆ. ಕೇಬಲ್ ಕಿತ್ತುಬಿಡಿ. ಅಥವಾ ವಿಂಡೋಸ್ ಕೀ ಜೊತೆ ಪಿ ಒತ್ತಿ "ಪಿಸಿ ಸ್ಕ್ರೀನ್ ಓನ್ಲಿ" ಆರಿಸಿ.

*ಇನ್ನೂ ಕೆಲವು ಸಣ್ಣ ಕಾರಣಗಳು*

ವಿಂಡೋಸ್ 10ರಲ್ಲಿ ಟ್ಯಾಬ್ಲೆಟ್ ಮೋಡ್ ಎಂಬುದಿದೆ. ಅದು ಆನ್ ಆದರೆ ಡೆಸ್ಕ್‌ಟಾಪ್ ಜಾಗದಲ್ಲಿ ದೊಡ್ಡ ದೊಡ್ಡ ಚೌಕಗಳ ಸ್ಟಾರ್ಟ್ ಪರದೆ ಬರುತ್ತದೆ. ಬಲ ಮೂಲೆಯ ನೋಟಿಫಿಕೇಶನ್ ಗುರುತು ಒತ್ತಿ, ಟ್ಯಾಬ್ಲೆಟ್ ಮೋಡ್ ಆಫ್ ಮಾಡಿ. 11ರಲ್ಲಿ ಆ ಬಟನ್ ಇಲ್ಲ.

ಐಕಾನ್‌ಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸುವ ಫೆನ್ಸಸ್ ಎಂಬ ಸಾಫ್ಟ್‌ವೇರ್ ಹಾಕಿದ್ದರೆ, ಖಾಲಿ ಜಾಗದಲ್ಲಿ ಎರಡು ಸಲ ಕ್ಲಿಕ್ ಮಾಡಿ. ಅದು ಐಕಾನ್ ಬಚ್ಚಿಡುವ ಅದರದೇ ಸೌಲಭ್ಯ. ಗೊತ್ತಿಲ್ಲದವರಿಗೆ ದೆವ್ವದ ಕಾಟದಂತೆ ಕಾಣುತ್ತದೆ.

ಕಂಪನಿಯ ಲ್ಯಾಪ್‌ಟಾಪ್ ಮನೆಗೆ ತಂದಿದ್ದರೆ, ಐಟಿ ವಿಭಾಗದವರೇ ಡೆಸ್ಕ್‌ಟಾಪ್ ಐಕಾನ್ ತೋರಿಸದಂತೆ ನಿಯಮ ಹಾಕಿರಬಹುದು. ಅದನ್ನು ಅವರೇ ತೆಗೆಯಬೇಕು. ಅದರ ಜೊತೆ ಗುದ್ದಾಡಬೇಡಿ.

ಕಂಟ್ರೋಲ್, ವಿಂಡೋಸ್, ಡಿ ಒಟ್ಟಿಗೆ ಒತ್ತಿದರೆ ಇನ್ನೊಂದು ವರ್ಚುವಲ್ ಡೆಸ್ಕ್‌ಟಾಪ್ ತೆರೆಯುತ್ತದೆ. "ಐಕಾನ್ ಅಲ್ಲಿಗೆ ಹೋಗಿದೆ" ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ತೆರೆದ ಕಿಟಕಿಗಳು ಮಾತ್ರ ಬೇರೆ ಬೇರೆ ಇರುತ್ತವೆ, ಐಕಾನ್‌ಗಳು ಎಲ್ಲದರಲ್ಲೂ ಅವೇ.

ದಿಸ್ ಪಿಸಿ, ರೀಸೈಕಲ್ ಬಿನ್ ಮಾತ್ರ ಇಲ್ಲ

ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಥೀಮ್ಸ್, ಅದರಲ್ಲಿ "ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್". ಕಂಪ್ಯೂಟರ್, ರೀಸೈಕಲ್ ಬಿನ್, ಕಂಟ್ರೋಲ್ ಪ್ಯಾನೆಲ್ ಹೀಗೆ ಬೇಕಾದ್ದಕ್ಕೆ ಟಿಕ್ ಹಾಕಿ ಓಕೆ ಕೊಡಿ. ಹೊಸ ವಿಂಡೋಸ್‌ನಲ್ಲಿ ಮೊದಲಿನಿಂದ ಇರುವುದು ರೀಸೈಕಲ್ ಬಿನ್ ಒಂದೇ. "ಹಳೇ ಕಂಪ್ಯೂಟರಲ್ಲಿ ಮೈ ಕಂಪ್ಯೂಟರ್ ಇತ್ತು, ಇದರಲ್ಲಿ ಇಲ್ಲ" ಎಂದು ಅಪ್ಪ ಕೇಳಿದರೆ ಇದೇ ಉತ್ತರ. ವಿಂಡೋಸ್ ಆಕ್ಟಿವೇಟ್ ಆಗಿಲ್ಲದಿದ್ದರೆ ಪರ್ಸನಲೈಸೇಶನ್ ಪುಟ ಮಂಕಾಗಿ, ಕ್ಲಿಕ್ ಮಾಡಲು ಬಿಡದಿರಬಹುದು.

ಫೋಲ್ಡರೇ ಖಾಲಿ

ಇಲ್ಲಿ ನಿಧಾನ ಬೇಕು. ಫೋಲ್ಡರ್ ಖಾಲಿ ಇದ್ದರೂ ಫೈಲ್ ಅಳಿಸಿಹೋಗಿದೆ ಎಂದು ತೀರ್ಮಾನ ಮಾಡಬೇಡಿ. ಎಷ್ಟೋ ಸಲ ವಿಂಡೋಸ್ ಬೇರೊಂದು ಡೆಸ್ಕ್‌ಟಾಪ್ ಫೋಲ್ಡರನ್ನು ತೋರಿಸುತ್ತಿರುತ್ತದೆ. ನಿಮ್ಮದು ಇನ್ನೊಂದು ಕಡೆ ಹಾಗೇ ಇರುತ್ತದೆ.

*ಒನ್‌ಡ್ರೈವ್*

ಈಚಿನ ವರ್ಷಗಳಲ್ಲಿ ಜಾಸ್ತಿ ಗೊಂದಲ ಮಾಡಿರುವುದು ಇದೇ. ಒನ್‌ಡ್ರೈವ್ ಅಂದರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ. ಅದರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಬ್ಯಾಕಪ್ ಮಾಡುವ ಸೌಲಭ್ಯ ಇದೆ. ಹೊಸ ಲ್ಯಾಪ್‌ಟಾಪ್ ತಂದ ದಿನ ಓದದೆ ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತ ಹೋದರೆ ಅದು ಆನ್ ಆಗಿಬಿಡಬಹುದು. ಆಗ ನಿಮ್ಮ ಡೆಸ್ಕ್‌ಟಾಪ್‌ನ ವಿಳಾಸವೇ ಬದಲಾಗುತ್ತದೆ. ನಿಮ್ಮ ಹೆಸರಿನ ಫೋಲ್ಡರ್ ಒಳಗೆ ಒನ್‌ಡ್ರೈವ್, ಅದರೊಳಗೆ ಡೆಸ್ಕ್‌ಟಾಪ್. ಫೈಲುಗಳು ಅಲ್ಲಿಗೆ ಹೋಗುತ್ತವೆ.

ಇದೆಲ್ಲ ನಡೆಯುತ್ತಿರುವವರೆಗೆ ನಿಮಗೆ ವ್ಯತ್ಯಾಸ ತಿಳಿಯುವುದಿಲ್ಲ. ಉಚಿತವಾಗಿ ಸಿಗುವುದು 5 ಜಿಬಿ. ಅದು ತುಂಬಿದ ಮೇಲೆ "ಜಾಗ ಇಲ್ಲ, ಹಣ ಕಟ್ಟಿ" ಎಂಬ ಸಂದೇಶ ಬರುತ್ತದೆ. ಸಿಟ್ಟು ಬಂದು ಬ್ಯಾಕಪ್ ನಿಲ್ಲಿಸುತ್ತೀರಿ. ವಿಂಡೋಸ್ ಹಳೆಯ ಡೆಸ್ಕ್‌ಟಾಪ್ ಫೋಲ್ಡರಿಗೆ ಮರಳುತ್ತದೆ, ಫೈಲುಗಳು ಒನ್‌ಡ್ರೈವ್ ಫೋಲ್ಡರಿನಲ್ಲೇ ಉಳಿಯುತ್ತವೆ. ಪರದೆ ಬಣಬಣ. ಕೆಲವು ಸಲ "ವೇರ್ ಆರ್ ಮೈ ಫೈಲ್ಸ್" ಎಂಬ ಒಂದೇ ಐಕಾನ್ ಕೂತಿರುತ್ತದೆ. ಅದೇ ದೊಡ್ಡ ಸುಳಿವು.

ವಾಪಸ್ ತರುವುದು ಹೀಗೆ:

1. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಒನ್‌ಡ್ರೈವ್, ಡೆಸ್ಕ್‌ಟಾಪ್‌ವರೆಗೆ ಹೋಗಿ.
2. ಫೈಲ್ ಪಕ್ಕದ ಗುರುತು ನೋಡಿ. ಹಸಿರು ಟಿಕ್ ಇದ್ದರೆ ಅದು ನಿಮ್ಮ ಕಂಪ್ಯೂಟರಿನಲ್ಲೇ ಇದೆ. ನೀಲಿ ಮೋಡ ಇದ್ದರೆ ಹೆಸರು ಮಾತ್ರ ಇಲ್ಲಿದೆ, ಫೈಲ್ ಆನ್‌ಲೈನಿನಲ್ಲಿದೆ.
3. ಮೋಡ ಇರುವವನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಕೊಡಿ. ಇಂಟರ್ನೆಟ್ ಇರಲಿ. ಎಲ್ಲ ಹಸಿರಾಗುವವರೆಗೆ ಕಾಯಿರಿ.
4. ಆಮೇಲೆ ಎಲ್ಲವನ್ನೂ ಕಾಪಿ ಮಾಡಿ, ನಿಮ್ಮ ಹೆಸರಿನ ಫೋಲ್ಡರಿನ ಒಳಗೇ ಇರುವ ಡೆಸ್ಕ್‌ಟಾಪ್‌ಗೆ ಪೇಸ್ಟ್ ಮಾಡಿ.

ಕಟ್ ಅಲ್ಲ, ಕಾಪಿ. ಒಂದೆರಡು ಫೈಲ್ ತೆರೆದು ಸರಿ ಇವೆಯೇ ನೋಡಿದ ಮೇಲೆ ಒನ್‌ಡ್ರೈವ್‌ನಲ್ಲಿರುವುದನ್ನು ಅಳಿಸುವುದೋ ಬಿಡುವುದೋ ಯೋಚಿಸಿ. ಅಲ್ಲಿ ಅಳಿಸಿದರೆ ಆನ್‌ಲೈನ್ ಪ್ರತಿಯೂ ಹೋಗುತ್ತದೆ, ಅದೇ ಅಕೌಂಟ್ ಹಾಕಿರುವ ಇನ್ನೊಂದು ಕಂಪ್ಯೂಟರಿನಿಂದಲೂ ಹೋಗುತ್ತದೆ. ಯಾರಾದರೂ ಆಗಲೇ ಅಳಿಸಿಬಿಟ್ಟಿದ್ದರೆ ಬ್ರೌಸರಿನಲ್ಲಿ ಒನ್‌ಡ್ರೈವ್ ತೆರೆದು ಅದರ ರೀಸೈಕಲ್ ಬಿನ್ ನೋಡಿ. ಮನೆ ಬಳಕೆಯ ಅಕೌಂಟಿನಲ್ಲಿ 30 ದಿನ ಇಟ್ಟಿರುತ್ತಾರೆ.

ಬ್ಯಾಕಪ್ ಇನ್ನೂ ನಿಲ್ಲಿಸಿಲ್ಲ, ನಿಲ್ಲಿಸಬೇಕು ಎಂದಿದ್ದರೆ ಮೊದಲು 3ನೆಯ ಹಂತ ಮುಗಿಸಿಕೊಳ್ಳಿ. ಆಮೇಲೆ ಬಲ ಮೂಲೆಯ ಮೋಡದ ಗುರುತು, ಸೆಟ್ಟಿಂಗ್ಸ್, "ಸಿಂಕ್ ಆಂಡ್ ಬ್ಯಾಕಪ್", "ಮ್ಯಾನೇಜ್ ಬ್ಯಾಕಪ್". ನಿಲ್ಲಿಸುವಾಗ ಬರುವ ಸಂದೇಶವನ್ನು ಈ ಸಲವಾದರೂ ಓದಿ ಒತ್ತಿ.

*ತಾತ್ಕಾಲಿಕ ಪ್ರೊಫೈಲ್*

ಡೆಸ್ಕ್‌ಟಾಪ್ ಮಾತ್ರವಲ್ಲ, ವಾಲ್‌ಪೇಪರ್ ಕೂಡ ಬದಲಾಗಿದೆ. ಬ್ರೌಸರಿನ ಬುಕ್‌ಮಾರ್ಕ್ ಇಲ್ಲ. ಎಲ್ಲ ಹೊಸ ಕಂಪ್ಯೂಟರಿನಂತಿದೆ. ಹಾಗಿದ್ದರೆ ವಿಂಡೋಸ್ ನಿಮ್ಮ ಪ್ರೊಫೈಲ್ (ನಿಮ್ಮ ಲಾಗಿನ್‌ಗೆ ಸೇರಿದ ಫೈಲು, ಸೆಟ್ಟಿಂಗ್‌ಗಳ ಕಟ್ಟು) ತೆರೆಯಲಾಗದೆ ತಾತ್ಕಾಲಿಕ ಪ್ರೊಫೈಲಿನಲ್ಲಿ ಒಳಗೆ ಬಿಟ್ಟಿದೆ. "ವಿ ಕಾಂಟ್ ಸೈನ್ ಇನ್ ಟು ಯುವರ್ ಅಕೌಂಟ್" ಎಂಬ ಸಂದೇಶ ಬಂದು ನೀವು ಓದದೆ ಮುಚ್ಚಿರಲೂಬಹುದು. ಯೂಸರ್ಸ್ ಒಳಗೆ ಟೆಂಪ್ ಎಂಬ ಫೋಲ್ಡರ್ ಇದೆಯೇ ನೋಡಿ. ಇದ್ದರೆ ಅನುಮಾನ ಗಟ್ಟಿ.

ಇಲ್ಲಿ ಒಂದೇ ಎಚ್ಚರಿಕೆ: ಈ ಪ್ರೊಫೈಲಿನಲ್ಲಿ ಏನನ್ನೂ ಸೇವ್ ಮಾಡಬೇಡಿ. ಸೈನ್ ಔಟ್ ಆದೊಡನೆ ಅದೆಲ್ಲ ಅಳಿಸಿಹೋಗುತ್ತದೆ. ಕಂಪ್ಯೂಟರನ್ನು ಒಂದೆರಡು ಸಲ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದಲ್ಲ, ರೀಸ್ಟಾರ್ಟ್ ಎಂಬುದನ್ನೇ ಆರಿಸಿ. ಹಲವು ಸಲ ಇಷ್ಟಕ್ಕೇ ಹಳೆಯ ಪ್ರೊಫೈಲ್ ತೆರೆದುಕೊಳ್ಳುತ್ತದೆ.

ಇದು ಬಳಸುವವರ ತಪ್ಪಿನಿಂದಲೇ ಆಗಬೇಕೆಂದಿಲ್ಲ. 2020ರ ಫೆಬ್ರುವರಿಯಲ್ಲಿ ಬಂದ ಕೆಬಿ4532693 ಎಂಬ ವಿಂಡೋಸ್ 10 ಅಪ್‌ಡೇಟ್ ಹಾಕಿಕೊಂಡ ಕೆಲವರಿಗೆ ಹೀಗೇ ಆಯಿತು. ಡೆಸ್ಕ್‌ಟಾಪ್ ಖಾಲಿ. ಆದರೆ ಅವರ ಫೈಲುಗಳೆಲ್ಲ ಯೂಸರ್ಸ್ ಒಳಗೆ ಇದ್ದವು, ಫೋಲ್ಡರಿನ ಹೆಸರಿನ ಕೊನೆಗೆ ಚುಕ್ಕಿ ಮತ್ತು 000 ಅಥವಾ ಬಿಎಕೆ ಸೇರಿಕೊಂಡಿತ್ತು. ಹಾಗಾಗಿ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರನ್ನು ಹೋಲುವ ಇನ್ನೊಂದು ಫೋಲ್ಡರ್ ಇದ್ದರೆ ಅದನ್ನು ತೆರೆದು ನೋಡಲೇಬೇಕು.

ರೀಸ್ಟಾರ್ಟ್‌ನಿಂದ ಸರಿಹೋಗದಿದ್ದರೆ ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಡತ, ತಿದ್ದುವ ದಾರಿಯೊಂದಿದೆ. ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೋ ಸಿಗುತ್ತವೆ. ನನ್ನ ಸಲಹೆ ಕೇಳಿದರೆ ಬೇಡ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ಭಾಗದಲ್ಲಿ ಹೊಸ ಬಳಕೆದಾರರ ಅಕೌಂಟ್ ಮಾಡಿ, ಅದಕ್ಕೆ ಅಡ್ಮಿನಿಸ್ಟ್ರೇಟರ್ ಹಕ್ಕು ಕೊಡಿ. ಅದರಲ್ಲಿ ಲಾಗಿನ್ ಆಗಿ, ಹಳೆಯ ಹೆಸರಿನ ಫೋಲ್ಡರಿನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಕಾಪಿ ಮಾಡಿಕೊಳ್ಳಿ. ಕೆಲಸ ಜಾಸ್ತಿ, ಅಪಾಯ ಕಡಿಮೆ.

*ಡಿ ಡ್ರೈವ್‌ಗೆ ಕಳಿಸಿದ ಡೆಸ್ಕ್‌ಟಾಪ್*

ಸಿ ಡ್ರೈವ್ ತುಂಬಬಾರದೆಂದು ಡೆಸ್ಕ್‌ಟಾಪ್ ಫೋಲ್ಡರನ್ನು ಡಿ ಡ್ರೈವ್‌ಗೆ ಬದಲಿಸಿ ಕೊಡುವವರಿದ್ದಾರೆ. ಡಿ ಡ್ರೈವ್ ಬೇರೆ ಹಾರ್ಡ್‌ಡಿಸ್ಕಿನಲ್ಲಿದ್ದು ಅದು ಕೆಟ್ಟರೆ, "ಲೊಕೇಶನ್ ಈಸ್ ನಾಟ್ ಅವೈಲಬಲ್" ಎಂಬ ಸಂದೇಶದ ಜೊತೆ ಖಾಲಿ ಪರದೆ ಬರುತ್ತದೆ. ಮೊದಲು ದಿಸ್ ಪಿಸಿಯಲ್ಲಿ ಡಿ ಡ್ರೈವ್ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಫೈಲ್‌ಗಳ ಪ್ರಶ್ನೆ ಆ ಡಿಸ್ಕಿನದು, ವಿಂಡೋಸ್‌ನದಲ್ಲ. ಆ ಡಿಸ್ಕ್ ಇನ್ನು ವಾಪಸ್ ಬರುವುದಿಲ್ಲ ಎಂದು ಖಚಿತವಾದರೆ, ಡೆಸ್ಕ್‌ಟಾಪ್ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬ ಟ್ಯಾಬ್ ಇದೆ. "ರಿಸ್ಟೋರ್ ಡಿಫಾಲ್ಟ್" ಒತ್ತಿದರೆ ಸಿ ಡ್ರೈವ್‌ಗೆ ಮರಳುತ್ತದೆ.

*ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ*

ವರ್ಡ್ ಅಥವಾ ಎಕ್ಸೆಲ್ ತೆರೆದು ಫೈಲ್, ಓಪನ್, ರೀಸೆಂಟ್ ನೋಡಿ. ಹಿಂದೆ ತೆರೆದ ಫೈಲುಗಳ ಹೆಸರಿನ ಕೆಳಗೆ ಅವು ಎಲ್ಲಿದ್ದವು ಎಂಬ ದಾರಿ ಬರೆದಿರುತ್ತದೆ. ಒನ್‌ಡ್ರೈವ್ ಎಂದಿದೆಯೋ, ಡಿ ಎಂದಿದೆಯೋ, ಬೇರೆ ಹೆಸರಿನ ಯೂಸರ್ ಎಂದಿದೆಯೋ, ಒಂದೇ ನೋಟಕ್ಕೆ ತಿಳಿಯುತ್ತದೆ. ಈ ಸುಲಭದ ದಾರಿ ಬಿಟ್ಟು ಇಡೀ ಡಿಸ್ಕ್ ಹುಡುಕಲು ಹೊರಡುವವರೇ ಜಾಸ್ತಿ.

ಆಮೇಲೆ ರೀಸೈಕಲ್ ಬಿನ್. ಅದರ ಐಕಾನ್ ಇಲ್ಲದಿದ್ದರೂ ತೆರೆಯಬಹುದು. ವಿಂಡೋಸ್ ಕೀ ಜೊತೆ ಆರ್ ಒತ್ತಿ, "ಶೆಲ್:ರೀಸೈಕಲ್‌ಬಿನ್‌ಫೋಲ್ಡರ್" ಎಂದು ಸ್ಪೇಸ್ ಇಲ್ಲದೆ ಟೈಪ್ ಮಾಡಿ ಎಂಟರ್ ಒತ್ತಿ.

ಅಲ್ಲೂ ಇಲ್ಲ, ಎಲ್ಲೂ ಇಲ್ಲ ಎಂದಾದರೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬ ಉಚಿತ ಪ್ರೋಗ್ರಾಂ ಇದೆ. ಕಮಾಂಡ್ ಟೈಪ್ ಮಾಡಿ ನಡೆಸಬೇಕು, ಸಿಕ್ಕಿದ ಫೈಲುಗಳನ್ನು ಇನ್ನೊಂದು ಡ್ರೈವ್‌ಗೆ ಹಾಕಬೇಕು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಆಸೆ ಇಟ್ಟುಕೊಳ್ಳಬಹುದು. ಎಸ್‌ಎಸ್‌ಡಿಯಲ್ಲಿ ಕಷ್ಟ. ಅಳಿಸಿದ ಜಾಗವನ್ನು ಅದು ತಾನೇ ಶುಚಿ ಮಾಡಿಕೊಂಡುಬಿಡುತ್ತದೆ.

ಶಾರ್ಟ್‌ಕಟ್ ಮಾತ್ರ ಹೋಗಿವೆ

ನಿಮ್ಮ ಫೈಲುಗಳೆಲ್ಲ ಇವೆ, ಬಾಣದ ಗುರುತಿನವು ಮಾತ್ರ ಇಲ್ಲ. ಚಿಂತೆ ಬೇಡ, ಹೊಸದಾಗಿ ಮಾಡಿಕೊಳ್ಳಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ "ಶೆಲ್:ಆಪ್ಸ್‌ಫೋಲ್ಡರ್" ಎಂದು ಟೈಪ್ ಮಾಡಿ. ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂಗಳೆಲ್ಲ ಒಂದೇ ಕಿಟಕಿಯಲ್ಲಿ ಬರುತ್ತವೆ. ಬೇಕಾದ್ದರ ಮೇಲೆ ರೈಟ್ ಕ್ಲಿಕ್, "ಕ್ರಿಯೇಟ್ ಶಾರ್ಟ್‌ಕಟ್". ಡೆಸ್ಕ್‌ಟಾಪ್‌ನಲ್ಲಿ ಇಡಲೇ ಎಂದು ಕೇಳುತ್ತದೆ, ಯೆಸ್ ಕೊಡಿ.

ಮೈಕ್ರೋಸಾಫ್ಟ್ ತಾನೇ ಶಾರ್ಟ್‌ಕಟ್ ಅಳಿಸಿದ್ದೂ ಇದೆ. ವಿಂಡೋಸ್ 7ರಲ್ಲಿ ವಾರಕ್ಕೊಮ್ಮೆ ನಡೆಯುವ ಒಂದು ಶುಚಿ ಕೆಲಸವಿತ್ತು. ದಾರಿ ತಪ್ಪಿದ ಶಾರ್ಟ್‌ಕಟ್ ನಾಲ್ಕಕ್ಕಿಂತ ಹೆಚ್ಚಾದರೆ ಅವನ್ನೆಲ್ಲ ತೆಗೆದುಹಾಕುತ್ತಿತ್ತು. ಪೆನ್‌ಡ್ರೈವ್‌ನಲ್ಲಿರುವ ಫೈಲಿಗೆ ಮಾಡಿದ ಶಾರ್ಟ್‌ಕಟ್ ಕೂಡ, ಪೆನ್‌ಡ್ರೈವ್ ಹಾಕಿಲ್ಲದ ಹೊತ್ತಲ್ಲಿ, ಅದರ ಲೆಕ್ಕದಲ್ಲಿ ದಾರಿ ತಪ್ಪಿದ್ದೇ. 2023ರ ಜನವರಿ 13ರಂದು ಮೈಕ್ರೋಸಾಫ್ಟ್‌ನದೇ ವೈರಸ್ ತಡೆಯುವ ಪ್ರೋಗ್ರಾಂ ಡಿಫೆಂಡರ್‌ಗೆ ಬಂದ ಒಂದು ಅಪ್‌ಡೇಟ್ ಸಂಸ್ಥೆಗಳ ಕಂಪ್ಯೂಟರುಗಳಲ್ಲಿ ಡೆಸ್ಕ್‌ಟಾಪ್, ಸ್ಟಾರ್ಟ್ ಮೆನು, ಟಾಸ್ಕ್‌ಬಾರ್‌ಗಳ ಶಾರ್ಟ್‌ಕಟ್‌ಗಳನ್ನು ವೈರಸ್ ಕೆಲಸ ಎಂದು ತಿಳಿದು ಅಳಿಸಿತು. ಪ್ರೋಗ್ರಾಂಗಳಿಗೆ ಏನೂ ಆಗಿರಲಿಲ್ಲ.

ಐಕಾನ್ ಇದೆ, ಚಿತ್ರ ಹೋಗಿ ಬಿಳಿ ಹಾಳೆಯಂತೆ ಕಾಣುತ್ತಿದೆ ಎಂದರೆ ಮೊದಲು ಅದು ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಆ ಪ್ರೋಗ್ರಾಂ ಹೋಗಿದೆ. ತೆರೆದರೆ ಐಕಾನ್ ಚಿತ್ರಗಳ ಸಂಗ್ರಹ ಕೆಟ್ಟಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ. % ಚಿಹ್ನೆ, ಲೋಕಲ್‌ಆಪ್‌ಡೇಟಾ, ಮತ್ತೆ % ಚಿಹ್ನೆ, ನಡುವೆ ಸ್ಪೇಸ್ ಇಲ್ಲದೆ ಟೈಪ್ ಮಾಡಿ. ಅಲ್ಲಿಂದ ಮೈಕ್ರೋಸಾಫ್ಟ್, ವಿಂಡೋಸ್, ಎಕ್ಸ್‌ಪ್ಲೋರರ್. "ಐಕಾನ್‌ಕ್ಯಾಶ್" ಎಂದು ಶುರುವಾಗುವ ಫೈಲುಗಳನ್ನು ಅಳಿಸಿ. ಕೆಲವು ಬಳಕೆಯಲ್ಲಿವೆ ಎಂದು ಅಳಿಯುವುದಿಲ್ಲ, ಬಿಟ್ಟುಬಿಡಿ. ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಹೊಸದಾಗಿ ಮಾಡಿಕೊಳ್ಳುತ್ತದೆ.

ವೈರಸ್ ಇರಬಹುದೇ?

ಇರಬಹುದು, ಆದರೆ ಮೊದಲ ಅನುಮಾನ ಅದರ ಮೇಲೆ ಬೇಡ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಹಾಕಿದ ಮೇಲೆ ಶುರುವಾಯಿತು ಎಂದರೆ ಮಾತ್ರ ಹೀಗೆ ನೋಡಿ. ಕೆಲವು ವೈರಸ್‌ಗಳು ಫೈಲ್ ಅಳಿಸುವುದಿಲ್ಲ, ಬಚ್ಚಿಡುತ್ತವೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂನಲ್ಲಿ "ಹಿಡನ್ ಐಟಮ್ಸ್" ಟಿಕ್ ಮಾಡಿ. 11ರಲ್ಲಿ ಅದು ವ್ಯೂ ಒಳಗಿನ ಶೋನಲ್ಲಿದೆ. ಫೈಲುಗಳು ಮಂಕಾಗಿ ಕಂಡರೆ ಬಚ್ಚಿಟ್ಟಿವೆ ಎಂದೇ ಅರ್ಥ. ಎಲ್ಲವನ್ನೂ ಆರಿಸಿ, ಪ್ರಾಪರ್ಟೀಸ್‌ನಲ್ಲಿ ಹಿಡನ್ ಟಿಕ್ ತೆಗೆಯಿರಿ. ಅದಕ್ಕೂ ಮೊದಲು ವಿಂಡೋಸ್ ಸೆಕ್ಯುರಿಟಿ ತೆರೆದು, ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ನಡೆಸಿ. ಇಲ್ಲದಿದ್ದರೆ ನೀವು ತೆಗೆದಷ್ಟು ಸಲ ಅದು ಮತ್ತೆ ಬಚ್ಚಿಡುತ್ತದೆ. ಆಫ್‌ಲೈನ್ ಸ್ಕ್ಯಾನಿನಲ್ಲಿ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ, ಸುಮಾರು 15 ನಿಮಿಷ ಬೇಕು.

ಇದೇ ಹೊತ್ತಲ್ಲಿ "ನಿಮ್ಮ ಕಂಪ್ಯೂಟರ್ ಹ್ಯಾಕ್ ಆಗಿದೆ, ಮೈಕ್ರೋಸಾಫ್ಟ್‌ಗೆ ಫೋನ್ ಮಾಡಿ" ಎಂದು ನಂಬರ್ ಸಮೇತ ಪರದೆ ತುಂಬ ಸಂದೇಶ ಬಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಗೂಗಲಿನಲ್ಲಿ ಹುಡುಕಿ ಸಿಕ್ಕಿದ ಟೋಲ್ ಫ್ರೀ ನಂಬರಿಗೂ ಅದೇ ಮಾತು. "ಎನಿಡೆಸ್ಕ್ ಹಾಕಿ, ನಾವೇ ಸರಿ ಮಾಡ್ತೀವಿ" ಎಂದವರಿಗೆ ಆಕ್ಸೆಸ್ ಕೊಟ್ಟರೆ (ಎನಿಡೆಸ್ಕ್ ಅಂದರೆ ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವ ಪ್ರೋಗ್ರಾಂ) ಐಕಾನ್ ಜೊತೆ ಬ್ಯಾಂಕ್ ಖಾತೆಯೂ ಖಾಲಿ. ದುಡ್ಡು ಹೋದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇಷ್ಟಕ್ಕೂ ಜಗ್ಗದಿದ್ದರೆ

ಸ್ಟಾರ್ಟ್‌ನಲ್ಲಿ ಸಿಎಂಡಿ ಎಂದು ಹುಡುಕಿ, "ರನ್ ಆಸ್ ಅಡ್ಮಿನಿಸ್ಟ್ರೇಟರ್" ಕೊಡಿ. ಕಪ್ಪು ಕಿಟಕಿಯಲ್ಲಿ ಎಸ್‌ಎಫ್‌ಸಿ, ಒಂದು ಸ್ಪೇಸ್, / ಗೆರೆ, ಅದಕ್ಕೆ ಅಂಟಿಸಿ ಸ್ಕ್ಯಾನ್‌ನೌ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹಾಳಾದ ವಿಂಡೋಸ್ ಫೈಲುಗಳನ್ನು ಅದು ಹುಡುಕಿ ಸರಿ ಮಾಡುತ್ತದೆ. ನಿಮ್ಮ ಫೈಲುಗಳನ್ನು ಮುಟ್ಟುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಇದು ಮುಗಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು.

ಸಿಸ್ಟಮ್ ರಿಸ್ಟೋರ್ ಆನ್ ಆಗಿದ್ದರೆ ಐಕಾನ್ ಹೋಗುವ ಮುಂಚಿನ ದಿನಕ್ಕೆ ವಿಂಡೋಸನ್ನು ಹಿಂದಕ್ಕೆ ಒಯ್ಯಬಹುದು. ಅದರಿಂದಲೂ ನಿಮ್ಮ ಡಾಕ್ಯುಮೆಂಟ್, ಫೋಟೋಗಳಿಗೆ ಏನೂ ಆಗುವುದಿಲ್ಲ. ಆ ದಿನದ ನಂತರ ಹಾಕಿದ ಪ್ರೋಗ್ರಾಂಗಳು ಮಾತ್ರ ಹೋಗುತ್ತವೆ.

ಅಂಗಡಿಗೆ ಕೊಡಲೇಬೇಕಾದರೆ

ಕೊಡಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಮೊದಲು ಯೂಸರ್ಸ್ ಫೋಲ್ಡರನ್ನು ಇಡಿಯಾಗಿ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಡೆಸ್ಕ್‌ಟಾಪ್ ಒಂದನ್ನೇ ಕಾಪಿ ಮಾಡಿದರೆ ಸಾಲದು. ಟ್ಯಾಲಿ ಬಳಸುವವರು ಅದರ ಡೇಟಾ ಫೋಲ್ಡರ್ ಎಲ್ಲಿದೆ ನೋಡಿ ಅದನ್ನೂ ತೆಗೆದಿಡಿ. ಡೆಸ್ಕ್‌ಟಾಪ್‌ನಲ್ಲಿದ್ದ ಟ್ಯಾಲಿ ಐಕಾನ್ ಬರೀ ಶಾರ್ಟ್‌ಕಟ್, ಲೆಕ್ಕವೆಲ್ಲ ಬೇರೆ ಕಡೆ ಇರುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವ ಮನೆಯಾದರೆ ಇನ್ನೊಂದು ಕೆಲಸ ಇದೆ. ಯೂನಿಕೋಡ್ ಬರುವ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಮಾಡಿದ ಹಳೆಯ ಫೈಲುಗಳಿಗೆ ಅದೇ ಫಾಂಟ್ ಬೇಕು. ಫಾರ್ಮ್ಯಾಟ್ ಆದ ಮೇಲೆ ಫಾಂಟ್ ಇರುವುದಿಲ್ಲ. ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಆಗ "ಫೈಲೇ ಕರಪ್ಟ್ ಆಗಿದೆ" ಎಂದು ಎಸೆದವರಿದ್ದಾರೆ. ಸಿ ಡ್ರೈವ್, ವಿಂಡೋಸ್, ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ಕಾಪಿ ಮಾಡಿಟ್ಟುಕೊಳ್ಳಿ.

ವಿಂಡೋಸ್ 11ರ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುವುದು, ಸಾಮಾನ್ಯ. ಅಂಗಡಿಯವರು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಬ್ರೌಸರಿನಲ್ಲಿ ಲಾಗಿನ್ ಆದರೆ ಡಿವೈಸಸ್ ಭಾಗದಲ್ಲಿ ಅದು ಸಿಗುತ್ತದೆ. ಬರೆದಿಟ್ಟುಕೊಂಡೇ ಹೋಗಿ.

ಅಂಗಡಿಯಲ್ಲಿ "ಐಕಾನ್ ಹೋಗಿದೆ" ಎಂದಷ್ಟೇ ಹೇಳಬೇಡಿ. "ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ಫೈಲ್ ಇದೆ, ಪರದೆಯಲ್ಲಿ ಕಾಣುತ್ತಿಲ್ಲ" ಅಥವಾ "ಫೋಲ್ಡರೇ ಖಾಲಿ, ಒನ್‌ಡ್ರೈವ್ ನೋಡಾಯಿತು" ಎನ್ನಿ. ಕೇಳದೆ ಫಾರ್ಮ್ಯಾಟ್ ಮಾಡಬಾರದು ಎಂದು ರಸೀದಿಯ ಮೇಲೆ ಬರೆಸಿ. ವಾಪಸ್ ತರುವಾಗ ಅಲ್ಲೇ ಆನ್ ಮಾಡಿಸಿ, ಒಂದು ಫೋಟೋ, ಒಂದು ಹಳೆಯ ಕನ್ನಡ ಫೈಲ್ ತೆರೆದು ನೋಡಿ, ಆಮೇಲೆ ದುಡ್ಡು ಕೊಡಿ.